'ಆಥರೈಸ್ಡ್' ಅಂತ ಮುದ್ರೆ ಬಿದ್ದ ಬೀಟಲ್ಸ್ ಪುಸ್ತಕವನ್ನ ಎಷ್ಟು ನಂಬ್ಬೇಕು?

ಪ್ರಶ್ನೆ: ಸರ್, ಹೋದ ತಿಂಗಳು ಬೆಂಗಳೂರಿನ ಅವೆನ್ಯೂ ರೋಡಲ್ಲಿ ಹಳೇ ಪುಸ್ತಕಗಳ ರಾಶಿ ಮಧ್ಯೆ ಹಂಟರ್ ಡೇವಿಸ್ ಬರೆದ ಬೀಟಲ್ಸ್ ಜೀವನಚರಿತ್ರೆ ಸಿಕ್ತು. ಮುಖಪುಟದ ಮೇಲೇ 'ಆಥರೈಸ್ಡ್' ಅಂತ ಇದೆ. ಬೀಟಲ್ಸ್ ಹಾಡು ಕೇಳ್ತಾನೇ ಬೆಳೆದವನು ನಾನು, ಆದ್ರೆ ಅವರ ಬಗ್ಗೆ ಇಲ್ಲಿತನಕ ಏನೂ ಓದಿಲ್ಲ. ನನ್ನ ರೂಮ್‌ಮೇಟ್ ಹೇಳ್ತಾನೆ, ಬ್ಯಾಂಡಿನವರೇ ಒಪ್ಪಿ ಬರೆಸಿದ ಪುಸ್ತಕ ಅಂದ್ರೆ ಬರೀ ಪಬ್ಲಿಸಿಟಿ, ಓದಿ ಟೈಮ್ ವೇಸ್ಟ್ ಮಾಡ್ಕೋಬೇಡ ಅಂತ. ನಿಜಾನಾ? ಓದೋದಾದ್ರೆ ಯಾವುದನ್ನ ನಂಬ್ಬೇಕು, ಯಾವುದನ್ನ ಬಿಡ್ಬೇಕು? ಜಾರ್ಜ್ ಹ್ಯಾರಿಸನ್‌ಗೂ ನಮ್ಮ ಸಂಗೀತಕ್ಕೂ ಇದ್ದ ನಂಟಿನ ಕಥೆ ಅದ್ರಲ್ಲಿ ಪೂರ್ತಿ ಸಿಗತ್ತಾ?

ಉತ್ತರ: ಮೊದಲು ಆ ಪುಸ್ತಕವನ್ನ ಜೋಪಾನವಾಗಿ ಇಟ್ಕೊಳ್ಳಿ, ಯಾರಿಗೂ ಕೊಡಬೇಡಿ. ರಾಕ್ ಬ್ಯಾಂಡ್‌ಗಳ ಮೇಲೆ ಬಂದ ಪುಸ್ತಕಗಳಲ್ಲಿ ಅದಕ್ಕಿರೋ ಜಾಗ ಬೇರೆ ಯಾವುದಕ್ಕೂ ಇಲ್ಲ, ಯಾಕಂದ್ರೆ ಬೀಟಲ್ಸ್‌ನ ನಾಲ್ಕು ಜನ, ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್, ಇನ್ನೂ ಒಟ್ಟಿಗೆ ಇದ್ದಾಗ್ಲೇ ಅವರ ಮನೆಗಳ ಒಳಗೆ ಕೂತು ಬರೆದ ಜೀವನಚರಿತ್ರೆ ಅದೊಂದೇ. ನಿಮ್ಮ ರೂಮ್‌ಮೇಟ್ ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದ್ರೆ ಅರ್ಧಕ್ಕೇ ನಿಂತಿದೆ. ಆಥರೈಸ್ಡ್ ಅನ್ನೋ ಮಾತಿಗೆ ಎರಡು ಮುಖ ಇದೆ. ನೆಂಟರ ಮನೆಗೆ ನಾಲ್ಕು ದಿನ ಉಳ್ಕೊಳ್ಳೋಕೆ ಹೋದವರಿಗೆ ಏನಾಗತ್ತೆ ಯೋಚ್ನೆ ಮಾಡಿ. ಬೀದಿಯವರಿಗೆ ಯಾವತ್ತೂ ಕಾಣದ್ದು ಕಾಣತ್ತೆ, ಬೆಳಿಗ್ಗೆ ಎದ್ದವರ ಮುಖ, ಅಡುಗೆಮನೆ ಮಾತು, ಗಂಡ ಹೆಂಡ್ತಿ ಮಧ್ಯದ ಮೌನ, ಎಲ್ಲಾ. ಆದ್ರೆ ಆ ಮನೆಯ ಬೀರು ತೆಗೆದು ನೋಡೋಕಾಗಲ್ಲ, ನೋಡಿದ್ರೂ ಊರಿಗೆ ಹೋಗಿ ಹೇಳೋಕಾಗಲ್ಲ, ಉಂಡ ಮನೆ ಅದು. ಡೇವಿಸ್ ಪುಸ್ತಕ ಪೂರ್ತಿ ಹೀಗೇ ಇದೆ. ಕಣ್ಣಿಂದ ಕಂಡು ಬರೆದ ಕಡೆ ಅದು ಬಂಗಾರ, ಮನೆಯವರು ಒಪ್ಪಬೇಕಾಗಿದ್ದ ಕಡೆ ಕೈ ಬಿಗಿಹಿಡಿದಿದೆ. ಯಾವ ಪುಟ ಯಾವ ಥರದ್ದು ಅಂತ ಗುರುತು ಹಿಡಿಯೋದು ಕಲಿತ್ರೆ ಸಾಕು.

ಆ ಪುಸ್ತಕ ಹುಟ್ಟಿದ್ದು ಹೇಗೆ ಅಂತ ಗೊತ್ತಾದ್ರೆ ಗುರುತು ಹಿಡಿಯೋದು ಸುಲಭ, ಅದನ್ನ ಸ್ವಲ್ಪ ವಿವರವಾಗೇ ಹೇಳ್ತೀನಿ. 1966ರ ಆಗಸ್ಟ್ 29ಕ್ಕೆ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕಲ್ಲಿ ಬೀಟಲ್ಸ್ ಕೊನೇ ಸಲ ಟಿಕೆಟ್ ಇಟ್ಟು ಶೋ ಮಾಡಿ ಟೂರಿಂಗ್ ನಿಲ್ಲಿಸಿಬಿಟ್ರು. ಇವರ ಕಥೆ ಮುಗೀತು ಅಂದವರು ಆಗ ಬೇಕಾದಷ್ಟು ಜನ ಇದ್ರು. ಅದೇ ಸೆಪ್ಟೆಂಬರಲ್ಲಿ ಸಂಡೇ ಟೈಮ್ಸ್ ಪತ್ರಿಕೆಯ ಹಂಟರ್ ಡೇವಿಸ್, ಆಗ ಅವರಿಗೆ 30 ವರ್ಷ, ಪಾಲ್ ಮೆಕಾರ್ಟ್ನಿಯನ್ನ ಇಂಟರ್‌ವ್ಯೂ ಮಾಡೋಕೆ ಹೋದ್ರು, ಎಲಿನರ್ ರಿಗ್ಬಿ ಅನ್ನೋ ಹಾಡಿನ ಸಾಹಿತ್ಯ ಹೇಗೆ ಬಂತು ಅಂತ ಕೇಳೋಕೆ. ಆ ಕಾಲಕ್ಕೆ ಪಾಪ್ ಹಾಡುಗಾರರ ಹತ್ರ ಪತ್ರಕರ್ತರು ಕೇಳ್ತಾ ಇದ್ದದ್ದು ಕೂದಲು, ಹುಡುಗಿಯರು, ದುಡ್ಡು, ಇಷ್ಟೇ. ಒಬ್ಬ ಬಂದು ಹಾಡಿನ ಒಳಗಿನ ವಿಷಯ ಕೇಳಿದ್ದು ಪಾಲ್‌ಗೆ ಹಿಡಿಸ್ತು. ಡೇವಿಸ್ ಬರೆದ ಒಂದು ಕಾದಂಬರಿ ಆಗ ಸಿನಿಮಾ ಆಗ್ತಾ ಇತ್ತು, ಅದಕ್ಕೊಂದು ಟೈಟಲ್ ಸಾಂಗ್ ಬರೆದು ಕೊಡ್ತೀರಾ ಅಂತ ಕೇಳೋಕೆ ಅವರು ಇನ್ನೊಂದು ಸಲ ಪಾಲ್ ಮನೆಗೆ ಹೋದ್ರು, ಲಂಡನ್‌ನ ಸೇಂಟ್ ಜಾನ್ಸ್ ವುಡ್‌ನ ಕ್ಯಾವೆಂಡಿಷ್ ಅವೆನ್ಯೂದಲ್ಲಿದ್ದ ಮನೆ. ಹಾಡು ಸಿಗ್ಲಿಲ್ಲ. ಮಾತಿನ ನಡುವೆ, ನಿಮ್ಮ ಬಗ್ಗೆ ಒಂದು ಸರಿಯಾದ, ಪೂರ್ತಿ ಪುಸ್ತಕ ಇಲ್ವಲ್ಲ ಅಂದ್ರು ಡೇವಿಸ್, ಪಾಲ್ ಒಪ್ಪಿ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೀನ್‌ಗೆ ಕಾಗದ ಬರಿ ಅಂದಿದ್ದಷ್ಟೇ ಅಲ್ಲ, ಕಾಗದದಲ್ಲಿ ಏನು ಬರೀಬೇಕು ಅಂತಾನೂ ಹೇಳಿಕೊಟ್ರು. 1967ರ ಜನವರಿಯಲ್ಲಿ ಬ್ರಯಾನ್ ಒಪ್ಪಿಗೆ ಸಿಕ್ತು. ಅಲ್ಲಿಂದ ಹೆಚ್ಚೂ ಕಡಿಮೆ ಒಂದೂವರೆ ವರ್ಷ ಡೇವಿಸ್ ನಾಲ್ಕೂ ಜನರ ಮನೆಗಳಿಗೆ, ಸ್ಟುಡಿಯೋಗೆ, ಲಿವರ್‌ಪೂಲ್‌ನಲ್ಲಿದ್ದ ಅಪ್ಪ ಅಮ್ಮಂದಿರ ಹತ್ರ, ಜರ್ಮನಿಯ ಹ್ಯಾಂಬರ್ಗ್‌ನ ಹಳೇ ಸ್ನೇಹಿತರ ಹತ್ರ ಓಡಾಡಿದ್ರು.

ಈ ಒಂದೂವರೆ ವರ್ಷ ಎಂಥದ್ದು ನೋಡಿ! ಸಾರ್ಜೆಂಟ್ ಪೆಪ್ಪರ್ ಆಲ್ಬಂ ತಯಾರಾದ ಕಾಲ ಅದು, ಮಹರ್ಷಿ ಮಹೇಶ ಯೋಗಿ ಸಿಕ್ಕಿದ ಕಾಲ, ಮ್ಯಾನೇಜರ್ ತೀರಿಕೊಂಡ ಕಾಲ. ಬ್ಯಾಂಡಿನ ಇಡೀ ಆಯುಸ್ಸಲ್ಲಿ ಒಬ್ಬ ಬರಹಗಾರ ಒಳಗೆ ಇರಬೇಕು ಅಂತ ಒಂದು ಕಾಲ ಆರಿಸು ಅಂದ್ರೆ ನಾನು ಇದನ್ನೇ ಆರಿಸ್ತಿದ್ದೆ.

ಈಗ ಬಂಗಾರದ ಪುಟಗಳಿಗೆ ಬರ್ತೀನಿ. ನಿಮ್ಮ ಪುಸ್ತಕದಲ್ಲಿ ಅವರು ಹಾಡು ಕಟ್ಟೋ ರೀತಿ ಹೇಳೋ ಭಾಗ ಇದೆ, ಅದನ್ನ ನಿಧಾನಕ್ಕೆ ಎರಡು ಸಲ ಓದಿ. 1967ರ ಮಾರ್ಚ್ 29ರ ಮಧ್ಯಾಹ್ನ, ಪಾಲ್ ಮನೆಯ ಮೇಲಿನ ಕೋಣೆ. ರಿಂಗೋ ಹಾಡೋದಕ್ಕೆ ಅಂತ ಒಂದು ಹಾಡು ಬೇಕು, ಅವತ್ತೇ ರಾತ್ರಿ ಸ್ಟುಡಿಯೋಗೆ ಹೋಗಬೇಕು. ಮುಂದೆ ವಿತ್ ಎ ಲಿಟಲ್ ಹೆಲ್ಪ್ ಫ್ರಮ್ ಮೈ ಫ್ರೆಂಡ್ಸ್ ಅಂತ ಆಗೋ ಹಾಡಿಗೆ ಆಗ ಇದ್ದ ಹೆಸರು ಬ್ಯಾಡ್ ಫಿಂಗರ್ ಬೂಗಿ. ಜಾನ್ ಗಿಟಾರ್ ಹಿಡ್ಕೊಂಡಿದಾರೆ, ಪಾಲ್ ಪಿಯಾನೋ ಬಾರಿಸ್ತಾ ಇದಾರೆ, ಜಾನ್ ಹೆಂಡ್ತಿ ಸಿಂಥಿಯಾ ಒಂದು ಕಡೆ ಓದ್ತಾ ಕೂತಿದಾರೆ, ಟೆರಿ ಡೋರನ್ ಅನ್ನೋ ಸ್ನೇಹಿತರು ರಾಶಿಭವಿಷ್ಯ ಓದಿ ಹೇಳ್ತಾ ಇದಾರೆ. ಇಬ್ಬರೂ ಗಂಟೆಗಟ್ಟಲೆ ಸುಮ್ನೆ ಬಾರಿಸ್ತಾರೆ, ಬೇರೆ ಯಾವುದೋ ಹಳೇ ಹಾಡು ಶುರು ಮಾಡಿ ಕೂಗಾಡ್ತಾರೆ, ಹಾಡು ಮರೆತೇ ಹೋಯ್ತೇನೋ ಅನ್ನೋ ಹೊತ್ತಿಗೆ ಒಬ್ರು ಒಂದು ಸಾಲು ಹೇಳ್ತಾರೆ, ಇನ್ನೊಬ್ರು ಅದನ್ನ ಅಲ್ಲೇ ತಿದ್ದುತಾರೆ. ಸಿಂಥಿಯಾ ಒಂದು ಸಲಹೆ ಕೊಟ್ರೆ ಜಾನ್ ಬೇಡ ಅಂತಾರೆ. ಇದಿಷ್ಟನ್ನೂ ಒಬ್ಬ ಮೂಲೇಲಿ ಕೂತು ಬರ್ಕೊಂಡಿದಾನೆ ಅಂದ್ರೆ ಅದರ ಬೆಲೆ ಎಷ್ಟು ಅಂತ ಯೋಚ್ನೆ ಮಾಡಿ. ಲೆನನ್ ಮತ್ತು ಮೆಕಾರ್ಟ್ನಿ ಜೊತೆಗೆ ಕೂತು ಹಾಡು ಕಟ್ಟಿದ್ದನ್ನ ಹೊರಗಿನವರೊಬ್ಬರು ಇಷ್ಟು ಉದ್ದಕ್ಕೆ ನೋಡಿ ದಾಖಲಿಸಿದ್ದು ಬೇರೆ ಕಡೆ ಸಿಗೋದು ಬಹಳ ಅಪರೂಪ. ಮೂವತ್ತು ವರ್ಷ ಆದ್ಮೇಲೆ ಪಾಲ್ ನೆನಪಿಂದ ಹೇಳೋದು ಬೇರೆ, ಅದರಲ್ಲಿ ನೆನಪಿನ ಬಣ್ಣ ಸೇರಿರತ್ತೆ, ಇದು ಅವತ್ತಿಂದು ಅವತ್ತೇ.

ಗೆಟಿಂಗ್ ಬೆಟರ್ ಹಾಡಿಂದೂ ಹಾಗೇ. ಡೇವಿಸ್ ಮತ್ತು ಪಾಲ್ ಪ್ರಿಮ್‌ರೋಸ್ ಹಿಲ್ ಮೇಲೆ ಪಾಲ್ ನಾಯಿ ಮಾರ್ಥಾಳನ್ನ ಕರ್ಕೊಂಡು ವಾಕ್ ಹೋಗಿದ್ರು. ಬಿಸಿಲು ಬಂತು. ಪರವಾಗಿಲ್ಲ, ಸುಧಾರಿಸ್ತಾ ಇದೆ ಅನ್ನೋ ಅರ್ಥದ ಮಾತು ಪಾಲ್ ಬಾಯಿಂದ ಬಂತು, ಬಂದ ತಕ್ಷಣ ನಗು ಬಂತು, ಯಾಕಂದ್ರೆ ಅದು ಜಿಮ್ಮಿ ನಿಕೋಲ್ ಹೇಳ್ತಿದ್ದ ಮಾತು. ಯಾರು ಈ ನಿಕೋಲ್ ಅಂದ್ರೆ, 1964ರ ಜೂನಲ್ಲಿ ರಿಂಗೋಗೆ ಟಾನ್ಸಿಲ್ಸ್ ಆಗಿ ಆಸ್ಪತ್ರೆ ಸೇರಿದಾಗ ಬೀಟಲ್ಸ್ ಜೊತೆ ಕೆಲವೇ ದಿನ ಡ್ರಮ್ಸ್ ಬಾರಿಸಿದ ಬದಲಿ ಹುಡುಗ, ಹೇಗಿದೆ ಅಂತ ಯಾರು ಕೇಳಿದ್ರೂ ಅದೇ ಉತ್ತರ ಕೊಡ್ತಿದ್ದ. ಆ ನೆನಪಿಂದ ಹಾಡು ಹುಟ್ಟಿತು. ಇಂಥ ಸಣ್ಣ ಸಂಗತಿ ಪಕ್ಕದಲ್ಲಿ ನಡ್ಕೊಂಡು ಹೋಗ್ತಾ ಇದ್ದವನಿಗಷ್ಟೇ ಸಿಗೋದು, ಆಥರೈಸ್ಡ್ ಅಲ್ಲದ ಲೇಖಕ ಎಷ್ಟೇ ಬುದ್ಧಿವಂತ ಆದ್ರೂ ಪ್ರಿಮ್‌ರೋಸ್ ಹಿಲ್ ಮೇಲೆ ಅವತ್ತು ಇರೋಕೆ ಆಗ್ತಿರಲಿಲ್ಲ.

ನನಗೆ ತುಂಬಾ ಇಷ್ಟವಾದ ಪ್ರಸಂಗ ಇನ್ನೊಂದು. 1967ರ ಆಗಸ್ಟ್ ಕೊನೇಲಿ ನಾಲ್ಕೂ ಜನ ಮಹರ್ಷಿಗಳ ಶಿಬಿರಕ್ಕೆ ಅಂತ ವೇಲ್ಸ್‌ನ ಬ್ಯಾಂಗರ್‌ಗೆ ರೈಲಲ್ಲಿ ಹೋದ್ರು, ಡೇವಿಸ್ ಕೂಡ ಬ್ಯಾಂಗರಲ್ಲಿದ್ರು. ವರ್ಷಗಟ್ಟಲೆ ಇವರ ಬಟ್ಟೆಬರೆ, ಊಟ, ಟಿಕೆಟ್ ಎಲ್ಲಾ ಮ್ಯಾನೇಜರ್ರೇ ನೋಡ್ಕೊಳ್ತಾ ಇದ್ದದ್ದು, ಈ ಸಲ ಬ್ರಯಾನ್ ಜೊತೇಲಿ ಇಲ್ಲ. ರಾತ್ರಿ ಒಂದು ಚೈನೀಸ್ ಹೋಟ್ಲಿಗೆ ಊಟಕ್ಕೆ ಹೋದ್ರೆ ಬಿಲ್ ಬಂದಾಗ ಯಾರ ಹತ್ರಾನೂ ದುಡ್ಡಿಲ್ಲ, ಜಗತ್ತಲ್ಲೇ ಹೆಚ್ಚು ದುಡ್ಡು ಮಾಡಿದ ಹುಡುಗರು, ಜೇಬಲ್ಲಿ ಕಾಸಿಲ್ಲ, ವೇಟರ್‌ಗಳು ಮುಖ ಗಂಟಿಕ್ಕಿ ನಿಂತಿದಾರೆ. ಆಗ ಜಾರ್ಜ್ ಕಾಲು ಮೇಲೆತ್ತಿ ತನ್ನ ಚಪ್ಪಲಿಯ ಅಟ್ಟೆ ಸೀಳಿ ಒಳಗೆ ಮಡಚಿಟ್ಟಿದ್ದ 20 ಪೌಂಡ್ ತೆಗೆದ್ರು. ಇಂಥ ದಿನಕ್ಕೇ ಬೇಕಾಗಬಹುದು ಅಂತ ಯಾವತ್ತೋ ಬಚ್ಚಿಟ್ಟಿದ್ದ ನೋಟು. ಅದೇ ವಾರಾಂತ್ಯ, 27ನೇ ತಾರೀಖು, ಬ್ರಯಾನ್ ಲಂಡನ್‌ನ ಮನೇಲಿ ತೀರಿಕೊಂಡ ಸುದ್ದಿ ಬ್ಯಾಂಗರ್‌ಗೆ ಬಂತು. ನಿದ್ದೆ ಔಷಧಿ ಹೆಚ್ಚಾಗಿ ಆದ ಆಕಸ್ಮಿಕ ಸಾವು ಅಂತ ತೀರ್ಮಾನ ಆಯ್ತು. 32 ವರ್ಷ ವಯಸ್ಸು. ಚಪ್ಪಲಿಯ ನೋಟಿನ ಕಥೆಯನ್ನ ಈ ಸಾವಿನ ಪಕ್ಕ ಇಟ್ಟು ನೋಡಿದ್ರೆ ಆ ಹುಡುಗರು ಆ ಮನುಷ್ಯನ ಮೇಲೆ ಎಷ್ಟು ಆತ್ಕೊಂಡಿದ್ರು ಅನ್ನೋದು ಗೊತ್ತಾಗತ್ತೆ, ಬ್ರಯಾನ್ ಹೋದ ಮೇಲೆ ಬ್ಯಾಂಡ್ ಯಾಕೆ ದಿಕ್ಕು ತಪ್ಪಿತು ಅನ್ನೋದಕ್ಕೆ ಬೇರೆ ವಿಶ್ಲೇಷಣೆ ನನಗೆ ಬೇಕು ಅನ್ಸಲ್ಲ.

ಜಾನ್ ಮನೆಯ ಪುಟಗಳನ್ನೂ ಬಿಡಬೇಡಿ. ವೇಬ್ರಿಜ್‌ನ ದೊಡ್ಡ ಬಂಗಲೆ, ಟಿವಿ ಹಾಕಿದೆ ಸೌಂಡ್ ಇಲ್ಲ, ಜಾನ್ ಗಂಟೆಗಟ್ಟಲೆ ಮಾತೇ ಆಡಲ್ಲ. ಡೇವಿಸ್ ಅದನ್ನ ಹಾಗೇ ಬರೆದ್ರು. ಪಬ್ಲಿಸಿಟಿಗೆ ಅಂತ ಬರೆದವರು ಸ್ಟಾರ್ ಒಬ್ಬ ಮನೇಲಿ ಬೇಜಾರಾಗಿ ಸುಮ್ನೆ ಬಿದ್ದಿರೋದನ್ನ ತೋರಿಸಲ್ಲ. ಹಾಗೇ ಪೀಟ್ ಬೆಸ್ಟ್. 1962ರ ಆಗಸ್ಟಲ್ಲಿ ಬ್ಯಾಂಡಿಂದ ತೆಗೆದುಹಾಕಿದ ಡ್ರಮ್ಮರ್, ಅವರನ್ನ ಡೇವಿಸ್ ಹುಡುಕ್ಕೊಂಡು ಹೋಗಿ ಮಾತಾಡ್ಸಿದ್ರು, ಆಗ ಅವರು ಲಿವರ್‌ಪೂಲ್‌ನ ಒಂದು ಬೇಕರೀಲಿ ಕೆಲಸ ಮಾಡ್ತಾ ಇದ್ರು. ತೆಗೆದುಹಾಕಿದ ವಿಷಯ ಹೇಳೋಕೆ ಉಳಿದ ಮೂವರು ಮುಖ ತೋರಿಸಲಿಲ್ಲ, ಬ್ರಯಾನ್ ಕೈಯಲ್ಲಿ ಹೇಳಿಸಿದ್ರು ಅನ್ನೋದು ಆ ಕಾಲದಲ್ಲೇ ಆಥರೈಸ್ಡ್ ಪುಸ್ತಕದಲ್ಲಿ ಅಚ್ಚಾಗಿದೆ. ನಿಮ್ಮ ರೂಮ್‌ಮೇಟ್‌ಗೆ ಈ ಭಾಗ ತೋರಿಸಿ.

ಇನ್ನು ಬೀರು ಮುಚ್ಚಿದ ಕಡೆ. ಪುಸ್ತಕದ ಟೈಪ್ ಪ್ರತಿಯನ್ನ ನಾಲ್ಕೂ ಜನ ನೋಡ್ಬೇಕು ಅಂತ ಇತ್ತು, ಆದ್ರೆ ನಿಜವಾದ ಕಷ್ಟ ಬಂದಿದ್ದು ಅವರಿಂದಲ್ಲ, ಮನೆಯ ಹೆಂಗಸರಿಂದ. ಜಾನ್‌ನ ಸಾಕಿ ಬೆಳೆಸಿದ್ದು ಮಿಮಿ, ಅಮ್ಮನ ಅಕ್ಕ, ನಮ್ಮ ಲೆಕ್ಕದಲ್ಲಿ ದೊಡ್ಡಮ್ಮ. ತುಂಬಾ ಶಿಸ್ತಿನ ಹೆಂಗಸು. ಹುಡುಗ ಬೈತಿದ್ದ, ಅಂಗಡೀಲಿ ಕದೀತಿದ್ದ ಅಂತ ಜಾನ್ ಬಾಯಾರೆ ಹೇಳಿದ್ದನ್ನ ಡೇವಿಸ್ ಬರೆದಿದ್ರೆ ಇವರಿಗೆ ತಡ್ಕೊಳ್ಳೋಕಾಗ್ಲಿಲ್ಲ, ನನ್ನ ಮನೇಲಿ ಬೆಳೆದ ಹುಡುಗ ಹಾಗಿರಲಿಲ್ಲ ಅಂತ ಹಟ. ಜಾನ್ ಅಂತೂ ದೊಡ್ಡಮ್ಮನಿಗೆ ಬೇಜಾರಾಗಬಾರ್ದು ಅಂತ ಅಂದ್ಬಿಟ್ರು. ಕೊನೆಗೆ ಒಂದಷ್ಟು ತೆಳುವಾಯ್ತು, ಜಾನ್ ಬಾಲ್ಯದ ಅಧ್ಯಾಯದ ಕೊನೇಲಿ ಹುಡುಗ ಹಗಲಿಡೀ ಖುಷಿಯಾಗೇ ಇರ್ತಿದ್ದ ಅನ್ನೋ ಅರ್ಥದ ಮಿಮಿ ಮಾತು ಸೇರಿಕೊಳ್ತು. ನೀವು ಓದೋವಾಗ ಆ ಸಾಲು ಬಂದಾಗ ನಿಲ್ಲಿ. ಅದರ ಹಿಂದುಮುಂದಿನ ಪುಟಗಳಲ್ಲಿ ಅಪ್ಪ ಬಿಟ್ಟು ಹೋಗಿದಾನೆ, ಅಮ್ಮ ಬೇರೆ ಕಡೆ ಇದಾಳೆ, ಹುಡುಗ ಹದಿಹರೆಯದಲ್ಲಿದ್ದಾಗ್ಲೇ ಆ ಅಮ್ಮ ಕಾರು ಹೊಡೆದು ಸತ್ತಿದಾಳೆ. ಆ ಮಾತಿಗೂ ಆ ಬದುಕಿಗೂ ಹೊಂದಲ್ಲ. ಹೀಗೆ ಹೊಂದದೇ ಇರೋ ಸಾಲು ಕಂಡ್ರೆ ಅಲ್ಲಿ ಬೇರೆ ಯಾರದ್ದೋ ಕೈ ಇದೆ ಅಂತ ತಿಳ್ಕೊಳ್ಳಬಹುದು, ಇದು ಎಲ್ಲಾ ಆಥರೈಸ್ಡ್ ಜೀವನಚರಿತ್ರೆಗೂ ಕೆಲಸಕ್ಕೆ ಬರೋ ಗುರುತು.

ಎರಡನೇದು ಬ್ರಯಾನ್ ವಿಷಯ, ಇದು ಮನಸ್ಸಿಗೆ ನೋವಾಗೋ ಭಾಗ. ಬ್ರಯಾನ್ ಸಲಿಂಗಿ, ಹತ್ತಿರದವರಿಗೆಲ್ಲಾ ಗೊತ್ತಿತ್ತು. ಆದ್ರೆ ಇಂಗ್ಲೆಂಡಲ್ಲಿ 1967ರ ಜುಲೈ ತನಕ ಗಂಡಸರ ನಡುವಿನ ಸಂಬಂಧವೇ ಅಪರಾಧ, ಜೈಲಿಗೆ ಹಾಕ್ತಿದ್ರು. ಕಾನೂನು ಬದಲಾಗಿ ಒಂದು ತಿಂಗಳಿಗೆ ಬ್ರಯಾನ್ ತೀರಿಕೊಂಡ್ರು. ಮಗನ್ನ ಕಳ್ಕೊಂಡ ತಾಯಿ ಕ್ವೀನಿಗೆ ಅಚ್ಚಿನಲ್ಲಿ ಆ ಮಾತು ಬರೋದು ಬೇಡವೇ ಬೇಡ. ಹಾಗಾಗಿ 1968ರ ಪ್ರತೀಲಿ ಬ್ರಯಾನ್ ಒಂಟಿತನ ಕಾಣತ್ತೆ, ಸಂಕಟ ಕಾಣತ್ತೆ, ಕಾರಣ ಮಾತ್ರ ನೇರವಾಗಿ ಕಾಣಲ್ಲ. ಇದನ್ನ ಬರೀ ಹೆದರಿಕೆ ಅಂತ ಡೇವಿಸ್ ಮೇಲೆ ಹಾಕೋಕೆ ನನಗೆ ಮನಸ್ಸು ಬರಲ್ಲ, ಆ ಕಾಲದಲ್ಲಿ ಆ ತಾಯಿ ಎದುರು ಕೂತು ನಾನಾದ್ರೂ ಏನು ಮಾಡ್ತಿದ್ದೆ ಅಂತ ಯೋಚ್ನೆ ಬರತ್ತೆ. ಆದ್ರೆ ಓದೋರು ನೀವು, ನಿಮಗೆ ಗೊತ್ತಿರಬೇಕು. ಮುಂದಿನ ಆವೃತ್ತಿಗಳ ಮುನ್ನುಡೀಲಿ ಡೇವಿಸ್ ಎಲ್ಲಾ ಬಿಚ್ಚಿ ಹೇಳಿದಾರೆ.

ಟೂರ್‌ಗಳಲ್ಲಿ ಹೋಟೆಲ್ ರೂಮುಗಳ ಒಳಗೆ ನಡೀತಿದ್ದದ್ದು ಕೂಡ ಅದ್ರಲ್ಲಿಲ್ಲ. ನಾಲ್ವರಲ್ಲಿ ಮೂವರಿಗೆ ಮನೇಲಿ ಹೆಂಡ್ತಿ ಇದಾಳೆ, ಹೇಗೆ ಬರೀತಾರೆ? 1970ರ ಡಿಸೆಂಬರಲ್ಲಿ ಜಾನ್ ಲೆನನ್ ರೋಲಿಂಗ್ ಸ್ಟೋನ್ ಪತ್ರಿಕೆಗೆ ಕೊಟ್ಟ ದೊಡ್ಡ ಇಂಟರ್‌ವ್ಯೂದಲ್ಲಿ ಈ ಪುಸ್ತಕವನ್ನ ಹೀನಾಯವಾಗಿ ಬೈದ್ರು, ದೊಡ್ಡಮ್ಮ ನಿಜ ಇದ್ದದ್ದನ್ನೆಲ್ಲಾ ತೆಗೆಸಿದ್ಲು, ಟೂರ್‌ನ ಸತ್ಯ ಒಂದೂ ಬರಲಿಲ್ಲ ಅಂತ. ನಿಮ್ಮ ರೂಮ್‌ಮೇಟ್ ಥರ ಮಾತಾಡೋರಿಗೆಲ್ಲಾ ಆ ಇಂಟರ್‌ವ್ಯೂನೇ ಆಧಾರ. ಆದ್ರೆ ಜಾನ್ ಆಗ ಬ್ಯಾಂಡ್ ಮುರಿದ ಕೋಪದಲ್ಲಿದ್ರು, ಬೀಟಲ್ಸ್ ಅನ್ನೋ ಕಥೆಯನ್ನೇ ಒಡೆದು ಹಾಕ್ಬೇಕು ಅಂತಿದ್ರು, ಮಿಮಿಯನ್ನ ಸಮಾಧಾನ ಮಾಡಿ ಅಂತ ಕೇಳ್ಕೊಂಡಿದ್ದವರೂ ಅವರೇ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ, ಸ್ವತಃ ಜಾನ್ ಲೆನನ್ ಬೈದಿದ್ರೂ ಪ್ರಮಾಣಿಸಿ ನೋಡ್ಬೇಕು.

ಇನ್ನೊಂದು ಮಿತಿ ಇದೆ, ಅದಕ್ಕೆ ಯಾರ ಕೈವಾಡಾನೂ ಕಾರಣ ಅಲ್ಲ, ಕಾಲ. ಪುಸ್ತಕ ಅಂಗಡಿಗೆ ಬಂದದ್ದು 1968ರ ಸೆಪ್ಟೆಂಬರ್ ಕೊನೆಗೆ. ಅದರೊಳಗೆ ಜಾನ್ ಮತ್ತು ಸಿಂಥಿಯಾ ವೇಬ್ರಿಜಲ್ಲಿ ಸಂಸಾರ ಮಾಡ್ಕೊಂಡಿದಾರೆ. ಹೊರಗೆ ನೋಡಿದ್ರೆ ಆ ಮೇ ತಿಂಗಳಿಂದಾನೇ ಜಾನ್ ಯೋಕೋ ಓನೋ ಜೊತೆ ಇದಾರೆ, ನವೆಂಬರಲ್ಲಿ ಡೈವೋರ್ಸ್ ಆಯ್ತು. ಪಾಲ್ ಮತ್ತು ಜೇನ್ ಆಶರ್ ನಿಶ್ಚಿತಾರ್ಥ ಜುಲೈಗೇ ಮುರಿದಿತ್ತು. ಆಗಸ್ಟಲ್ಲಿ ರಿಂಗೋ ಬೇಜಾರಾಗಿ ಬ್ಯಾಂಡ್ ಬಿಟ್ಟು ಹೋಗಿ ಸುಮಾರು ಎರಡು ವಾರ ಆದ್ಮೇಲೆ ವಾಪಸ್ ಬಂದಿದ್ರು. ಮಸಿ ಒಣಗೋ ಮುಂಚೆ ಆ ಮನೆಗಳು ಬದಲಾಗಿಬಿಟ್ಟಿದ್ವು. ನಾನು ಇದನ್ನ ದೋಷ ಅಂತ ಎಣಿಸಲ್ಲ. ಕೊನೆ ಏನಾಗತ್ತೆ ಅಂತ ಗೊತ್ತಿಲ್ಲದೆ ಬರೆದ ಪುಸ್ತಕ ಇದು. ಆಮೇಲೆ ಬಂದ ಪುಸ್ತಕಗಳಲ್ಲೆಲ್ಲಾ ಮೊದಲ ಪುಟದಿಂದಾನೇ ಬ್ಯಾಂಡ್ ಮುರಿಯೋ ಸದ್ದು ಕೇಳ್ತಾ ಇರತ್ತೆ, ಒಂದು ಸಣ್ಣ ಜಗಳ ಬಂದ್ರೂ ನೋಡಿ ಇಲ್ಲೇ ಶುರುವಾಯ್ತು ಅಂತಾರೆ. ಡೇವಿಸ್ ಪುಸ್ತಕದಲ್ಲಿ ಆ ಭಾರ ಇಲ್ಲ. ನಾಲ್ಕು ಹುಡುಗರು ಇನ್ನೂ ಒಬ್ರನ್ನೊಬ್ರು ಪ್ರೀತಿ ಮಾಡ್ತಿದಾರೆ, ಅದನ್ನ ಓದೋವಾಗ ನನಗೆ ಈಗ್ಲೂ ಎದೆ ತುಂಬಿ ಬರತ್ತೆ.

ಆಥರೈಸ್ಡ್ ಅಲ್ಲದ ಪುಸ್ತಕ ಅಂದ ತಕ್ಷಣ ಅದು ಸತ್ಯ ಅಂತಾನೂ ಅಂದ್ಕೋಬೇಡಿ. ಲೆಡ್ ಜೆಪೆಲಿನ್ ಬ್ಯಾಂಡ್ ಬಗ್ಗೆ 1985ರಲ್ಲಿ ಸ್ಟೀಫನ್ ಡೇವಿಸ್ ಬರೆದ ಹ್ಯಾಮರ್ ಆಫ್ ದ ಗಾಡ್ಸ್ ಇದೆ, ಭಾರೀ ಮಾರಾಟ ಆಯ್ತು, ಅದರ ರಸವತ್ತಾದ ಕಥೆಗಳಲ್ಲಿ ಹೆಚ್ಚಿನವು ರಿಚರ್ಡ್ ಕೋಲ್ ಅನ್ನೋ ಟೂರ್ ಮ್ಯಾನೇಜರ್ ಬಾಯಿಂದ ಬಂದದ್ದು, ಬ್ಯಾಂಡಿನವರು ಅದನ್ನ ಒಪ್ಪಲೇ ಇಲ್ಲ. ಬಾಗಿಲು ಮುಚ್ಚಿದ್ರೆ ಲೇಖಕ ಕಿಟಕಿ ಹತ್ರ ನಿಂತವರನ್ನ ಕೇಳ್ತಾನೆ, ಕಿಟಕಿ ಹತ್ರ ನಿಂತವರಿಗೂ ತಮ್ಮದೇ ಲೆಕ್ಕಾಚಾರ ಇರತ್ತೆ. ಬೀಟಲ್ಸ್ ವಿಷಯದಲ್ಲಿ ಫಿಲಿಪ್ ನಾರ್ಮನ್ 1981ರಲ್ಲಿ ಬರೆದ ಶೌಟ್ ಹಾಗೇ, ತುಂಬಾ ಚೆನ್ನಾಗಿ ಬರೆದ ಪುಸ್ತಕ, ಆದ್ರೆ ಜಾನ್ ಕಡೆ ವಾಲಿದೆ, ಪಾಲ್ ಲೆಕ್ಕಾಚಾರದ ಮನುಷ್ಯನ ಥರ ಕಾಣ್ತಾರೆ. ಜಾನ್ ಕೊಲೆಯಾಗಿ ಇನ್ನೂ ಆರು ತಿಂಗಳು ಆಗಿರಲಿಲ್ಲ. 1981ರ ಮೇನಲ್ಲಿ ಪಾಲ್, ಹಂಟರ್ ಡೇವಿಸ್‌ಗೆ ಫೋನ್ ಮಾಡಿ ತುಂಬಾ ಹೊತ್ತು ಹೊಟ್ಟೇಲಿದ್ದದ್ದನ್ನೆಲ್ಲಾ ಹೇಳ್ಕೊಂಡ್ರು, ಎಲ್ಲರೂ ಜಾನ್‌ನ ಸಂತ ಮಾಡ್ತಿದಾರೆ, ನಾನು ಮಾತ್ರ ಕೆಟ್ಟವನಾದೆ ಅನ್ನೋ ಸಂಕಟ. ಡೇವಿಸ್ ಕೇಳ್ತಾ ಕೇಳ್ತಾ ನೋಟ್ಸ್ ಮಾಡ್ಕೊಂಡ್ರು, 1985ರ ಆವೃತ್ತಿಗೆ ಅದನ್ನ ಸೇರಿಸಿದ್ರು. ಹಳೇ ಆಥರೈಸ್ಡ್ ಲೇಖಕನಿಗೆ ಬಾಗಿಲು ಹೀಗೆ ವರ್ಷಗಟ್ಟಲೆ ತೆರೆದೇ ಇತ್ತು, ಅದೂ ಬ್ಯಾಂಡ್ ಇಲ್ಲವಾದ ಮೇಲೆ.

ಈ ಒಳಗಿನ ಓಡಾಟದಿಂದ ಇನ್ನೊಂದು ದೊಡ್ಡ ಉಪಕಾರ ಆಗಿದೆ. ಅಬ್ಬೀ ರೋಡ್ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಮುಗಿದ ಮೇಲೆ ಹಾಡು ಬರೆದ ಚೀಟಿಗಳು ನೆಲದ ಮೇಲೆ ಬಿದ್ದಿರ್ತಿದ್ವು, ಬೆಳಿಗ್ಗೆ ಕಸ ಗುಡಿಸೋರು ಬಂದು ಸುಡ್ತಿದ್ರು. ಡೇವಿಸ್ ಕೇಳಿ ಕೆಲವನ್ನ ಎತ್ತಿಟ್ಕೊಂಡ್ರು, ಕೆಲವನ್ನ ಬೀಟಲ್ಸ್‌ನವರೇ ಕೊಟ್ರು. ಅವು ಈಗ ಲಂಡನ್‌ನ ಬ್ರಿಟಿಷ್ ಲೈಬ್ರರೀಲಿವೆ, ಇಂಗ್ಲೆಂಡಿನ ಪ್ರಾಚೀನ ಹಕ್ಕುಪತ್ರ ಮ್ಯಾಗ್ನ ಕಾರ್ಟಾ ಇರೋ ಅದೇ ಕಟ್ಟಡದಲ್ಲಿ. ಎ ಹಾರ್ಡ್ ಡೇಸ್ ನೈಟ್ ಸಾಹಿತ್ಯ ಬರೆದಿರೋದು ಜಾನ್ ಮಗ ಜೂಲಿಯನ್‌ನ ಮೊದಲ ಹುಟ್ಟುಹಬ್ಬಕ್ಕೆ ಬಂದ ಕಾರ್ಡಿನ ಹಿಂದೆ, ಮುಂದೆ ಪುಟ್ಟ ಮಗುವಿನ ರೈಲಿನ ಚಿತ್ರ. ಎದುರಿಗೆ ಏನು ಸಿಕ್ತೋ ಅದರ ಮೇಲೆ ಪೆನ್ನು ಓಡಿಸಿದಾರೆ! ಲಂಡನ್ ಕಡೆ ಹೋದಾಗ ಅಬ್ಬೀ ರೋಡಿನ ಜೀಬ್ರಾ ಕ್ರಾಸಿಂಗಲ್ಲಿ ಫೋಟೋ ಮಾತ್ರ ತೆಗೆಸ್ಕೊಂಡು ಬರೋರಿಗೆಲ್ಲಾ ನಾನು ಹೇಳೋದು, ಆ ಲೈಬ್ರರಿಗೂ ಒಂದು ಹೆಜ್ಜೆ ಇಡಿ ಅಂತ.

ಜಾರ್ಜ್ ಮತ್ತು ನಮ್ಮ ಸಂಗೀತದ ಬಗ್ಗೆ ಕೇಳಿದ್ರಿ. ಜಾರ್ಜ್ ಮನಸ್ಸು ಆ ಕಡೆ ಹೇಗೆ ತಿರುಗಿತು ಅನ್ನೋದು ಡೇವಿಸ್ ಪುಸ್ತಕದಲ್ಲಿ ಚೆನ್ನಾಗೇ ಸಿಗತ್ತೆ. ಆದ್ರೆ ಬ್ಯಾಂಡಿನ ಮನೆಯಿಂದ ಹೊರಟ ಕಥೆ ಬ್ಯಾಂಡಿನ ಸುತ್ತಾನೇ ಸುತ್ತತ್ತೆ, ಪಕ್ಕದಲ್ಲಿ ನಿಂತು ಕೈ ಕೊಟ್ಟವರಿಗೆ ಅದರಲ್ಲಿ ಜಾಗ ಕಮ್ಮಿ, ಇದು ಆಥರೈಸ್ಡ್ ಪುಸ್ತಕಗಳ ನಿಜವಾದ ಕೊರತೆ ಅಂತ ನನ್ನ ಅಭಿಪ್ರಾಯ, ಹೋಟೆಲ್ ರೂಮಿನ ಕಥೆ ಬಿಟ್ಟಿದ್ದಕ್ಕಿಂತ ಇದು ನನಗೆ ಹೆಚ್ಚು ಕಾಡತ್ತೆ. ಒಬ್ಬರ ಹೆಸರು ಹೇಳ್ತೀನಿ, ಕನ್ನಡದವರಿಗೆ ಗೊತ್ತಿರಲೇಬೇಕಾದ ಹೆಸರು: ಅಯನ ದೇವ ಅಂಗಡಿ. 1903ರಲ್ಲಿ ನಮ್ಮ ಉತ್ತರ ಕರ್ನಾಟಕದ ಜಕನೂರಲ್ಲಿ ಹುಟ್ಟಿ ಲಂಡನ್‌ಗೆ ಹೋದವರು. ಹೆಂಡ್ತಿ ಪೆಟ್ರೀಶಿಯಾ ಚಿತ್ರ ಬರೆಯೋರು. ಇಬ್ಬರೂ ಸೇರಿ 1946ರಲ್ಲಿ ಏಷ್ಯನ್ ಮ್ಯೂಸಿಕ್ ಸರ್ಕಲ್ ಅನ್ನೋ ಸಂಸ್ಥೆ ಕಟ್ಟಿದ್ರು, ಅಲ್ಲಿನವರಿಗೆ ಸಿತಾರು ಸರೋದು ಅಂದ್ರೆ ಏನು ಅಂತಾನೇ ಗೊತ್ತಿಲ್ಲದ ಕಾಲ ಅದು. 1965ರ ಅಕ್ಟೋಬರಲ್ಲಿ ನಾರ್ವೀಜಿಯನ್ ವುಡ್ ರೆಕಾರ್ಡಿಂಗ್ ಹೊತ್ತಲ್ಲಿ ಜಾರ್ಜ್ ಸಿತಾರಿನ ತಂತಿ ಕಿತ್ತುಹೋಯ್ತು, ಲಂಡನ್ನಲ್ಲಿ ಸಿತಾರ್ ತಂತಿ ಎಲ್ಲಿ ಸಿಗತ್ತೆ? ಪ್ರೊಡ್ಯೂಸರ್ ಜಾರ್ಜ್ ಮಾರ್ಟಿನ್‌ಗೆ ಏಷ್ಯನ್ ಮ್ಯೂಸಿಕ್ ಸರ್ಕಲ್ ಗೊತ್ತಿತ್ತು, ಅಲ್ಲಿಗೆ ಫೋನ್ ಹೋಯ್ತು, ಅಂಗಡಿಯವರ ಹತ್ರ ತಂತಿ ಇತ್ತು, ಮನೆಯವರೆಲ್ಲಾ ಅದನ್ನ ತಗೊಂಡು ಸ್ಟುಡಿಯೋಗೇ ಬಂದ್ರು. ಆಮೇಲೆ ಜಾರ್ಜ್ ಅವರ ಮನೆಗೆ ಹೋಗಿ ಬರೋದು ಶುರುವಾಯ್ತು, ಜಾರ್ಜ್ ಮತ್ತು ಅವರ ಹೆಂಡ್ತಿ ಪ್ಯಾಟಿ ಇಬ್ಬರ ಚಿತ್ರ ಪೆಟ್ರೀಶಿಯಾ ಬರೆದ್ರು, 1966ರ ಜೂನಲ್ಲಿ ಜಾರ್ಜ್‌ಗೆ ಪಂಡಿತ್ ರವಿಶಂಕರ್ ಪರಿಚಯ ಆಗಿದ್ದೂ ಫಿಂಚ್ಲೀಲಿದ್ದ ಆ ಅಂಗಡಿಯವರ ಮನೇಲೇ. ಜಗತ್ತಿನ ಸಂಗೀತದಲ್ಲಿ ಅಷ್ಟು ದೊಡ್ಡ ತಿರುವು ತಂದ ಭೇಟಿ ಒಬ್ಬ ಕನ್ನಡ ನಾಡಿನವರ ಹಜಾರದಲ್ಲಿ ಆಗಿದೆ, ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು ಹೇಳಿ.

ಹೆಸರುಗಳ ಪಾಡು ಇನ್ನೂ ಇದೆ. ರಿವಾಲ್ವರ್ ಆಲ್ಬಂನ ಲವ್ ಯು ಟು ಹಾಡಿಗೆ ತಬಲಾ ನುಡಿಸಿದ ಅನಿಲ್ ಭಾಗವತ್ ಹೆಸರು ಕವರ್ ಮೇಲೆ ಬಂತು, ಜೊತೆಗೆ ನುಡಿಸಿದ ಬೇರೆಯವರದ್ದು ಬರಲಿಲ್ಲ. 1967ರ ವಿದಿನ್ ಯು ವಿದೌಟ್ ಯು ಹಾಡಿಗೆ ದಿಲ್‌ರುಬಾ ಅನ್ನೋ ಕಮಾನಿನ ತಂತಿವಾದ್ಯ, ತಂಬೂರಿ, ತಬಲಾ ನುಡಿಸಿದ ನಮ್ಮವರ ಹೆಸರು ಒಂದೂ ಇಲ್ಲ. ಅಣ್ಣಾ ಜೋಶಿ, ಅಮೃತ್ ಗಜ್ಜರ್, ಬುದ್ಧದೇವ್ ಕನ್ಸಾರಾ, ನಟವರ್ ಸೋನಿ ಅಂತ ಆ ನಾಲ್ವರ ಹೆಸರು ಜಗತ್ತಿಗೆ ಗೊತ್ತಾಗಿದ್ದು 2017ರಲ್ಲಿ, 50 ವರ್ಷ ಆದ್ಮೇಲೆ. ಬೀಟಲ್ಸ್ ಬದುಕಿನ ಒಂದೊಂದು ದಿನಾನೂ ಎಣಿಸಿ ಇಟ್ಟಿದಾರೆ, ಈ ನಾಲ್ಕು ಹೆಸರು ಮಾತ್ರ ಐವತ್ತು ವರ್ಷ ಯಾರಿಗೂ ಬೇಕಾಗಿರಲಿಲ್ಲ. ಈ ಹಾಡು ಇನ್ನೊಂದು ಸಲ ಕೇಳೋವಾಗ ಶುರುವಿನ ದಿಲ್‌ರುಬಾಗೆ ಸ್ವಲ್ಪ ಕಿವಿ ಕೊಡಿ.

ಓದೋ ಕ್ರಮ ಹೇಳಿಬಿಡ್ತೀನಿ. ಮೊದಲು ಪುಸ್ತಕದ ಒಳಗೆ ಕಾಪಿರೈಟ್ ಪುಟ ತೆಗೆದು ಯಾವ ವರ್ಷದ ಪ್ರತಿ ಅಂತ ನೋಡಿ. 1985 ಅಥವಾ ಅದರ ನಂತರದ್ದಾದ್ರೆ ಮುಂದುಗಡೆ ಉದ್ದದ ಮುನ್ನುಡಿ ಇರತ್ತೆ, ಮಿಮಿ, ಕ್ವೀನಿ, ಪಾಲ್ ಫೋನು ಎಲ್ಲಾ ಅದ್ರಲ್ಲೇ ಇರೋದು. ಅದನ್ನ ಈಗ ಓದಬೇಡಿ, ಹಾರಿಸಿ ನೇರ 1968ರ ಮೂಲ ಪಠ್ಯಕ್ಕೆ ಹೋಗಿ. ಕೈಯಲ್ಲೊಂದು ಪೆನ್ಸಿಲ್ ಇಟ್ಕೊಂಡು ಡೇವಿಸ್ ತಾನೇ ಇದ್ದು ನೋಡಿದ ಕಡೆ ಒಂದು ಗೆರೆ, ಅಪ್ಪ ಅಮ್ಮಂದಿರು ಹೇಳಿ ಬರೆಸಿದ ಕಡೆ ಎರಡು ಗೆರೆ ಎಳೀತಾ ಹೋಗಿ. ಪೂರ್ತಿ ಆದ್ಮೇಲೆ ಮುನ್ನುಡಿ ಓದಿ, ನೀವು ಎರಡು ಗೆರೆ ಎಳೆದ ಎಷ್ಟೋ ಕಡೆ ಏನಾಗಿತ್ತು ಅಂತ ಡೇವಿಸ್ಸೇ ಹೇಳ್ತಾರೆ. ಆಮೇಲೂ ಹಸಿವಿದ್ರೆ ಮಾರ್ಕ್ ಲೂಯಿಸನ್ 2013ರಲ್ಲಿ ತಂದ ಟ್ಯೂನ್ ಇನ್ ಹಿಡೀರಿ. ಅವರಿಗೆ ಬ್ಯಾಂಡಿನ ಮುದ್ರೆ ಇಲ್ಲ, ಆದ್ರೆ ವರ್ಷಗಟ್ಟಲೆ ದಾಖಲೆಗಳ ಮಧ್ಯೆ ಕೂತು ಒಂದೊಂದು ಮಾತಿಗೂ ಸಾಕ್ಷಿ ಹುಡುಕಿ ಬರೆದಿದಾರೆ, ಅಷ್ಟು ದಪ್ಪ ಪುಸ್ತಕ ಬರೋದು 1962ರ ಕೊನೆ ತನಕ ಮಾತ್ರ. ನಿಮ್ಮದು ಮೊದಲ ಕಾಲದ್ದು, ಮುನ್ನುಡಿ ಇಲ್ಲದ ಪ್ರತಿ ಆಗಿದ್ರೆ ಹೊಸ ಆವೃತ್ತಿಯೊಂದನ್ನ ಲೈಬ್ರರೀಲಿ ಹುಡುಕಿ ಮುನ್ನುಡಿ ಮಾತ್ರ ಓದ್ಕೊಳ್ಳಿ, ಆ ಹಳೇ ಪ್ರತಿಯನ್ನ ಮಾತ್ರ ಮಾರಬೇಡಿ.